ಹನ್ನೆರಡು ಪುಟದ ಸೇತುವೆ

ನಕ್ಷೆಗೂ ನೆಲಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ನೆಲವನ್ನು ತಿದ್ದತಕ್ಕದ್ದು. ಇದು ಕಟ್ಟಡ ಮತ್ತು ಸೇತುವೆ ಕಚೇರಿಯ ಮೊದಲನೆಯ ನಿಯಮ. ಎರಡನೆಯ ನಿಯಮವೂ ಒಂದಿದೆ ಎನ್ನುತ್ತಾರೆ, ಆದರೆ ಅದನ್ನು ಕಂಡವರಿಲ್ಲ. ಮೊದಲನೆಯದರಿಂದಲೇ ಎಲ್ಲ ಸಾಂಗವಾಗಿ ನಡೆದುಹೋಗುತ್ತಿರುವಾಗ ಎರಡನೆಯದನ್ನು ಹುಡುಕುವ ಉಸಾಬರಿ ಯಾರಿಗೆ ಬೇಕು?

ಆ ಕಚೇರಿಯ ಹಿರಿಯ ನಕ್ಷೆಗಾರರನ್ನು ಎಲ್ಲರೂ ಗೆರೆಯಪ್ಪ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಗೆರೆ ಎಳೆದ ಕೈ. ಅವರ ಗೆರೆಯ ಪಕ್ಕ ಸ್ಕೇಲು ಇಟ್ಟರೆ ಸ್ಕೇಲೇ ಸೊಟ್ಟಗೆ ಕಾಣಿಸುತ್ತಿತ್ತಂತೆ. ಅವರು ಎಳೆದದ್ದರಲ್ಲಿ ಒಂದಾದರೂ ಊರಿನಲ್ಲಿ ಎದ್ದು ನಿಂತಿರಲಿಲ್ಲ ಎಂಬುದು ಬೇರೆ ಮಾತು. ಎಳೆಯುವುದಷ್ಟೇ ಅವರ ಕೆಲಸ. ಎದ್ದು ನಿಲ್ಲುವುದು ಬೇರೆ ವಿಭಾಗಕ್ಕೆ ಸೇರಿದ್ದು.

ಉದಾಹರಣೆಗೆ ಕಾಲುವೆಯ ಸೇತುವೆ. ಊರಿನ ಕೆಳಮಗ್ಗುಲಿಗೆ ಒಂದು ಕಾಲುವೆ ಇತ್ತು. ಆಚೆ ಮುನ್ನೂರು ಮನೆ, ಈಚೆ ಆಸ್ಪತ್ರೆ, ನಡುವೆ ಒಂದು ಮರದ ಹಲಗೆ. ಕಾಯಿಲೆ ಬಿದ್ದವರು ಮೊದಲು ಹಲಗೆ ದಾಟುವಷ್ಟು ಗುಣವಾಗಿ, ಆಮೇಲೆ ಆಸ್ಪತ್ರೆಗೆ ಬರಬೇಕಾಗಿತ್ತು. ಅಲ್ಲಿಗೆ ಗೆರೆಯಪ್ಪ ಹನ್ನೊಂದು ವರ್ಷದ ಹಿಂದೆ ಒಂದು ಸೇತುವೆಯ ನಕ್ಷೆ ಬರೆದರು. ನಕ್ಷೆ ಸಹಿಗೆ ಹೋಯಿತು. ಸ್ಥಳದಲ್ಲಿ ನೀರು ಇರುವುದು ಪರಿಶೀಲನೆಯ ವೇಳೆ ಪತ್ತೆಯಾದ್ದರಿಂದ, ಸೇತುವೆಯನ್ನು ತಡೆಹಿಡಿಯಲಾಯಿತು.

ಈ ಗೆರೆಯಪ್ಪನವರಿಗೆ ಎರಡೂವರೆ ವರ್ಷದ ಮೊಮ್ಮಗಳೊಬ್ಬಳಿದ್ದಳು. ಗಾತ್ರದಲ್ಲಿ ಇಷ್ಟೇ ಇಷ್ಟು, ಖಾರದಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. ಹಾಗಾಗಿ ಮನೆಯಲ್ಲಿ ಅವಳ ಹೆಸರು ಮೆಣಸಿ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲೆಲ್ಲ ಕೂಸು ಅಜ್ಜಿಯ ಸುಪರ್ದಿನಲ್ಲಿ. ಕಚೇರಿಯಿಂದ ಮನೆಗೆ ಎಂಟು ನಿಮಿಷದ ನಡಿಗೆ. ಮಧ್ಯಾಹ್ನ ಒಂದಕ್ಕೆ ಗೆರೆಯಪ್ಪ ಬಂದು, ಮೆಣಸಿಗೆ ಉಣ್ಣಿಸಿ, ತಾವೂ ಉಂಡು, ಎರಡಕ್ಕೆ ಮೇಜಿಗೆ ಮರಳಬೇಕು. ಈ ವ್ಯವಸ್ಥೆಯಲ್ಲಿ ದೋಷ ಒಂದೇ. ಮೆಣಸಿ ಬಾಯಿ ಬಿಡುತ್ತಿರಲಿಲ್ಲ. ಕಾಗೆ ತೋರಿಸಿದರು, ಗುಬ್ಬಿ ತೋರಿಸಿದರು, ಚಂದಮಾಮನನ್ನು ಹಗಲು ಹೊತ್ತಿನಲ್ಲೇ ಕರೆದರು. ತುಟಿ ಅಂಟು ಹಾಕಿದ ಲಕೋಟೆಯಂತೆ ಮುಚ್ಚೇ ಇತ್ತು. ಒಂದು ದಿನ ಬೀದಿಯಲ್ಲಿ ಒಂದು ಜೆಸಿಬಿ ಹೋಯಿತು. ಮೆಣಸಿ ಬಾಯಿ ತೆರೆದಳು. ಅಜ್ಜಿ ಹದ್ದಿನಂತೆ ಎರಗಿ ಒಂದು ತುತ್ತು ಇಟ್ಟರು.

ಮರುದಿನವೇ ಗೆರೆಯಪ್ಪ ಪುಸ್ತಕದಂಗಡಿಗೆ ಹೋಗಿ, ಪುಟಾಣಿಗಳಿಗೆಂದು ಅಚ್ಚಾದ ವಾಹನಗಳ ಚಿತ್ರಪುಸ್ತಕ ನಾಲ್ಕು ತಿರುವಿ ನೋಡಿದರು. ಒಂದರಲ್ಲಿ ಜೆಸಿಬಿಯ ತೋಳಿಗೆ ಕೀಲೇ ಇರಲಿಲ್ಲ. ಇನ್ನೊಂದರಲ್ಲಿ ಕ್ರೇನಿನ ಹಗ್ಗವನ್ನು ಯಾವುದಕ್ಕೂ ಕಟ್ಟಿರಲಿಲ್ಲ, ದೇವರೇ ಹಿಡಿದುಕೊಂಡಂತಿತ್ತು.

"ಇದನ್ನ ನೋಡಿ ಬೆಳೆದ ಮಗು ನಾಳೆ ಎಂಥ ಸೇತುವೆ ಕಟ್ಟುತ್ತೆ?" ಎಂದು ಅಂಗಡಿಯವನನ್ನು ಕೇಳಿದರು.

"ಕಟ್ಟಲ್ಲ ಸಾರ್, ಮಕ್ಕಳು ಪುಸ್ತಕ ಹರೀತವೆ," ಎಂದ ಅಂಗಡಿಯವನು. "ಹರಿಯೋದಕ್ಕೆ ಕೀಲು ಯಾಕೆ?"

ಗೆರೆಯಪ್ಪ ಮನೆಗೆ ಬಂದು ದಪ್ಪ ರಟ್ಟು ಕತ್ತರಿಸಿ ತಾವೇ ಒಂದು ಪುಸ್ತಕ ಬರೆದರು. ಹೆಸರು 'ಬಾ, ಸೇತುವೆ ಕಟ್ಟೋಣ'. ಹನ್ನೆರಡು ಪುಟ. ಮೊದಲ ಪುಟದಲ್ಲಿ ಖಾಲಿ ಜಾಗ, ಏಳು ಎಸಳು ಹುಲ್ಲು, ಕೆಳಗೆ 'ಇಲ್ಲಿ ಏನೂ ಇಲ್ಲ' ಎಂಬ ಬರಹ. ಎರಡರಲ್ಲಿ 'ಜೆಸಿಬಿ ಬಂತು, ಗರ್ ಗರ್'. ಮೂರರಲ್ಲಿ 'ಟಿಪ್ಪರ್ ಬಂತು, ಧಡಾಲ್'. ಹೀಗೇ ಮಿಕ್ಸರ್, ಕ್ರೇನ್, ನಿಧಾನ ನಿಧಾನವಾಗಿ ರೋಲರ್. ಕೊನೆಗೆ, ಹನ್ನೆರಡನೆಯ ಪುಟದಲ್ಲಿ, ಕಮಾನು ಬಾಗಿದ ಸೇತುವೆ, ಅದರ ಮೇಲೊಂದು ಬಾತುಕೋಳಿ: 'ಸೇತುವೆ ಆಯ್ತು, ಬಾತು ದಾಟ್ತು.' ಕೀಲಿಗೆ ಕೀಲು, ಹಗ್ಗಕ್ಕೆ ಗಂಟು, ಎಲ್ಲ ಕರಾರುವಾಕ್ಕು. ಒಂದು ವಿಷಯದಲ್ಲಿ ಮಾತ್ರ ಅವರು ಸೋತರು. ಮೆಣಸಿ ಜೆಸಿಬಿಯ ಮೇಲೆ ಬೆರಳಿಟ್ಟು "ಕಣ್ಣು?" ಎಂದಳು. ಕಣ್ಣು ಬರೆದರು. "ಬಾಯಿ?" ಎಂದಳು. ಬಾಯಿ ಬರೆದರು, ನಗುತ್ತಿರುವಂಥದ್ದು. ಎಲ್ಲ ವಾಹನಗಳಿಗೂ.

ಇಷ್ಟೇ ಆಗಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಮೂವತ್ತೊಂದು ವರ್ಷದ ಅಭ್ಯಾಸ ಮೂಗುದಾರದಂಥದ್ದು, ಕೈಯನ್ನು ಎಳೆದುಕೊಂಡೇ ಹೋಗುತ್ತದೆ. ಪ್ರತಿ ಪುಟ ಮುಗಿದಾಗಲೂ ಗೆರೆಯಪ್ಪನವರ ಕೈ, ಅವರ ಗಮನಕ್ಕೆ ಬಾರದೆಯೇ, ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಎಳೆದು ತುಂಬಿಬಿಟ್ಟಿತ್ತು. ಕಾಮಗಾರಿ: ಬಾ, ಸೇತುವೆ ಕಟ್ಟೋಣ. ಸ್ಥಳ: ಅಜ್ಜನ ಮನೆ ಹಿಂದೆ. ಅಳತೆ: ಮೆಣಸಿಯ ಒಂದು ಬೆರಳಿಗೆ ಹತ್ತು ಅಡಿ. ಬರೆದವರು: ಅಜ್ಜ. ಅನುಮೋದಿಸಿದವರು: ಖಾಲಿ.

ಪುಸ್ತಕದಿಂದ ಮೆಣಸಿಯ ಊಟ ಹಳಿಗೆ ಬಂತು. ಪುಟಕ್ಕೊಂದು ತುತ್ತು, ಹನ್ನೆರಡು ಪುಟಕ್ಕೆ ಹನ್ನೆರಡು ತುತ್ತು. ಕೊನೆಯ ಪುಟ ಬಂದಾಗ ಅವಳು ಪುಸ್ತಕ ಎಳೆದುಕೊಂಡು ಬಲಗಡೆಯ ಮೇಲ್ಮೂಲೆಯನ್ನು ಕಚ್ಚುವಳು. ಕಚ್ಚಿಯಾದ ಮೇಲೆ "ಇನ್ನೊಂದ್ಸಲ" ಎನ್ನುವಳು. ಎರಡು ತಿಂಗಳಲ್ಲಿ ಕೂಸು ದುಂಡಗಾಯಿತು, ಸೇತುವೆಯ ಆಚೆ ದಡ ಅವಳ ಹೊಟ್ಟೆ ಸೇರಿತು, ಪುಸ್ತಕದ ಹೊಲಿಗೆ ಸಡಿಲವಾಯಿತು.

ದಪ್ಪ ರಟ್ಟು ಹಿಡಿಯುವ ದೊಡ್ಡ ಸ್ಟೇಪ್ಲರ್ ಊರಿಗೆಲ್ಲ ಒಂದೇ, ಅದು ಕಚೇರಿಯ ಟಪಾಲು ಮೇಡಂ ಮೇಜಿನ ಮೇಲಿತ್ತು. ಟಪಾಲು ಮೇಡಂ ಎಂದರೆ ಬಂದ ಕಾಗದವನ್ನು ಸಾಹೇಬರ ಸಹಿಗೆ ಕಳಿಸುವವರು. ಗೆರೆಯಪ್ಪ ಪುಸ್ತಕ ಹಿಡಿದು ಹೋಗಿ ಸ್ಟೇಪ್ಲರ್ ಕೇಳಿದರು.

"ಸ್ಟೇಪ್ಲರ್ ಕೊಡೋಕೆ ಬರಲ್ಲ ಗೆರೆಯಪ್ಪನೋರೇ, ಅದು ನನ್ನ ಹೆಸರಲ್ಲಿದೆ. ಕಾಗದ ಇಟ್ಟು ಹೋಗಿ, ನಾನೇ ಹೊಡೆದಿಡ್ತೀನಿ."

ಇಟ್ಟು ಹೋದರು. ಮೇಡಂ ಮೂರು ಕಡೆ ಹೊಡೆದರು. ಹೊಡೆದ ಮೇಲೆ, ಅವರ ಮೇಜಿನಿಂದ ಕಾಗದಗಳು ಹೋಗುವ ದಿಕ್ಕು ಒಂದೇ ಆದ್ದರಿಂದ, ಪುಸ್ತಕ ಆ ದಿಕ್ಕಿಗೆ ಹೋಯಿತು.

ಮುಖ್ಯ ಎಂಜಿನಿಯರ್ ಸಾಹೇಬರು ದಿನಕ್ಕೆ ಇನ್ನೂರು ಸಹಿ ಹಾಕುವವರು. ಕಾಗದದ ಬಲಗಡೆ ಕೆಳಮೂಲೆಯನ್ನು ಬಿಟ್ಟು ಬೇರೆ ಮೂಲೆ ನೋಡುವ ಪದ್ಧತಿ ಅವರದಲ್ಲ. ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ತರಬೇತಿ ಕೊಡುವಾಗಲೂ ಅವರು ಇದನ್ನೇ ಹೇಳುತ್ತಿದ್ದರು: ಪೂರ್ತಿ ಕಾಗದ ಓದಿದವನಿಗೆ ಅನುಮಾನ ಬರುತ್ತದೆ, ಅನುಮಾನ ಬಂದವನಿಗೆ ಸಹಿ ಬರುವುದಿಲ್ಲ. ಹನ್ನೆರಡು ಚೌಕ, ಹನ್ನೆರಡು ಸಹಿ, ಹನ್ನೆರಡು ಮೊಹರು. ಕಚೇರಿಯ ಇತಿಹಾಸದಲ್ಲಿ ಅಷ್ಟು ಶೀಘ್ರವಾಗಿ ಅನುಮೋದನೆಯಾದ ನಕ್ಷೆ ಇನ್ನೊಂದಿಲ್ಲ.

ಗೆರೆಯಪ್ಪ ಹನ್ನೆರಡೂವರೆಗೆ ಪುಸ್ತಕ ಕೇಳಲು ಬಂದರು.

"ಅದು ದಾಖಲೆ ಕೋಣೆಗೆ ಹೋಯ್ತಲ್ಲ," ಎಂದರು ಟಪಾಲು ಮೇಡಂ. "ಅಭಿನಂದನೆ. ನಿಮ್ಮದೊಂದು ನಕ್ಷೆ ಅನುಮೋದನೆ ಆಗಿದ್ದು ನನ್ನ ಸರ್ವೀಸಿನಲ್ಲಿ ಇದೇ ಮೊದಲು."

ಗೆರೆಯಪ್ಪ ಸಾಹೇಬರ ಕೋಣೆಗೆ ಓಡಿದರು.

"ಸಾರ್, ಅದು ನನ್ನ ಮೊಮ್ಮಗಳ ಪುಸ್ತಕ."

"ಸಹಿ ನಂದೇ ಅಲ್ವಾ?"

"ನಿಮ್ಮದೇ ಸಾರ್."

"ಹನ್ನೆರಡೂ?"

"ಹನ್ನೆರಡೂ."

"ಒಂದು ಸಹಿ ತಪ್ಪಾಗಬಹುದು ಗೆರೆಯಪ್ಪನೋರೇ. ಹನ್ನೆರಡು ತಪ್ಪಾಗುತ್ತಾ? ಅಷ್ಟು ತಪ್ಪು ಮಾಡೋಕೆ ನನಗೆ ಪುರುಸೊತ್ತೆಲ್ಲಿದೆ?"

"ಸಾರ್, ಅದರಲ್ಲಿ ಜೆಸಿಬಿಗೆ ಕಣ್ಣಿದೆ."

"ಇರಲಿ ಬಿಡಿ. ಹೋದ ವರ್ಷದ ಜೆಸಿಬಿಗೆ ಕಣ್ಣಿದ್ದಿದ್ರೆ ಕುಡಿಯೋ ನೀರಿನ ಪೈಪು ಒಡೀತಿತ್ತಾ?"

"ನಮ್ಮ ಮನೆ ಹಿಂದೆ ನೀರೇ ಇಲ್ಲ ಸಾರ್. ಬರೀ ಖಾಲಿ ಸೈಟು."

"ಅದೇ ಅದರ ಗುಣ. ನೀರಿದ್ದಿದ್ರೆ ನೀರಿನ ಇಲಾಖೆ ಒಪ್ಪಿಗೆ ಬೇಕಿತ್ತು. ನಿಮ್ಮ ಕಾಲುವೆ ಸೇತುವೆ ಯಾತಕ್ಕೆ ನಿಂತಿದೆ ಅಂದ್ಕೊಂಡ್ರಿ?" ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಪುಸ್ತಕ ಎಲ್ಲೂ ಹೋಗಲ್ಲ. ಕಾಮಗಾರಿ ಮುಗಿದ ಮೇಲೆ ಮೂಲ ನಕ್ಷೆ ಬರೆದವರಿಗೆ ವಾಪಸ್ ಕೊಡ್ತೀವಿ. ನಿಯಮ ಇದೆ."

ಈ ಕಚೇರಿಯಲ್ಲಿ ಕಾಮಗಾರಿ ಮುಗಿಯುವುದೆಂದರೇನು ಎಂಬುದು ಗೆರೆಯಪ್ಪನವರಿಗೆ ಗೊತ್ತಿತ್ತು. ಅವರು ಸೇರಿದ ವರ್ಷ ಕಚೇರಿಯ ಮುಂದೆ ತೋಡಿದ ಗುಂಡಿಯಲ್ಲಿ ಈಗ ದೊಡ್ಡ ಮರ ಬೆಳೆದು, ಸಿಬ್ಬಂದಿ ಅದರ ನೆರಳಿನಲ್ಲಿ ಸೈಕಲ್ ನಿಲ್ಲಿಸುತ್ತಿದ್ದರು.

ಮನೆಯಲ್ಲಿ ಅಜ್ಜಿ ತಟ್ಟೆ ಹಿಡಿದು ಕಾಯುತ್ತಿದ್ದರು. "ಪುಸ್ತಕ ಎಲ್ರೀ?"

"ಅನುಮೋದನೆ ಆಗ್ಹೋಯ್ತು ಕಣೇ."

"ಕೊನೆಗೂ ಒಂದಾಯ್ತಲ್ಲ. ಕಾಲುವೆದಾ?" ಎಂದು ಅಜ್ಜಿ ಸಂಭ್ರಮಪಟ್ಟರು. ಯಾವುದೆಂದು ತಿಳಿದ ಮೇಲೆ ತಟ್ಟೆ ಕೆಳಗಿಟ್ಟು ಹಣೆ ಚಚ್ಚಿಕೊಂಡರು.

ಅಂದು ಮೆಣಸಿ ಸೊನ್ನೆ ತುತ್ತು ತಿಂದಳು. ಮರುದಿನ ಎರಡು, ಅದೂ ಸೀನುವಾಗ ಬಾಯಿ ತೆರೆದದ್ದರಿಂದ. ಗೆರೆಯಪ್ಪ ರಜೆ ಹಾಕಿ ಕೂತು ಗೆರೆಗೆ ಗೆರೆ ಸೇರಿಸಿ ಇನ್ನೊಂದು ಪುಸ್ತಕ ಬರೆದರು. ಮೆಣಸಿ ಅದನ್ನು ತೆಗೆದುಕೊಂಡು, ನಡುವಿನ ಯಾವ ಪುಟವನ್ನೂ ನೋಡದೆ, ನೇರವಾಗಿ ಕೊನೆಯದಕ್ಕೆ ಹೋಗಿ ಮೂಲೆಯನ್ನು ಬೆರಳಿನಿಂದ ತಡವಿದಳು. "ನನ್ ಕಚ್ಚು ಇಲ್ಲ," ಎಂದು ಪಕ್ಕಕ್ಕೆ ತಳ್ಳಿದಳು. ಗೆರೆಯಪ್ಪ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಆ ಮೂಲೆಯನ್ನು ತಾವೇ ಕಚ್ಚಿ ತಂದರು. ಮೆಣಸಿ ಮತ್ತೆ ತಡವಿ ನೋಡಿದಳು.

"ಇದು ಅಜ್ಜನ್ ಹಲ್ಲು."

ಕಚೇರಿಯಲ್ಲಿ ಮೂವತ್ತೊಂದು ವರ್ಷದಲ್ಲಿ ಯಾರೂ ಮಾಡದ ಪರಿಶೀಲನೆಯನ್ನು ಮೊಮ್ಮಗಳು ಅರ್ಧ ನಿಮಿಷದಲ್ಲಿ ಮಾಡಿದ್ದಳು. ವಾರದ ಕೊನೆಗೆ ಅವಳ ಲಂಗದ ಲಾಡಿ ಒಂದು ಸುತ್ತು ಹೆಚ್ಚು ಸುತ್ತಿಕೊಂಡಿತು. ಅಜ್ಜಿ ಆ ಲಾಡಿಯನ್ನು ಗೆರೆಯಪ್ಪನವರಿಗೆ ತೋರಿಸಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹೀಗೆ ಊರಿನಲ್ಲಿ ಕಾಮಗಾರಿಯೊಂದು ಮುಗಿಯಲಿ ಎಂದು ಮನಸಾರೆ ಬಯಸುವ ಏಕೈಕ ಮನುಷ್ಯ ಗೆರೆಯಪ್ಪ ಆದರು.

ಗುತ್ತಿಗೆ ಆಯ್ತಣ್ಣನಿಗೆ ಸಿಕ್ಕಿತು. ಏನು ಹೇಳಿದರೂ "ಆಯ್ತು" ಎನ್ನುವುದರಿಂದ ಆ ಗುತ್ತಿಗೆದಾರನಿಗೆ ಆ ಹೆಸರು. ಅವನ ಕೈಯಲ್ಲಿ ಈವರೆಗೆ ಯಾವುದೂ ಆಗಿರಲಿಲ್ಲ, ಆದರೆ ಇಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನೂ ಯಾರೂ ಕೇಳಿರಲಿಲ್ಲ. ಅವನು ಪುಸ್ತಕದ ನೆರಳಚ್ಚು ಪ್ರತಿ ಹಿಡಿದು ಗೆರೆಯಪ್ಪನವರ ಮೇಜಿಗೆ ಬಂದ.

"ಗೆರೆಯಪ್ಪನೋರೇ, ಸೇತುವೆ ಈಚೆ ದಡ ಸಿಕ್ತು. ಆಚೆ ದಡ ಎಲ್ಲಿ?"

"ಮೊಮ್ಮಗಳು ತಿಂದ್ಬಿಟ್ಟಿದಾಳಪ್ಪ."

"ಆಯ್ತು," ಎಂದು ಆಯ್ತಣ್ಣ ತನ್ನ ಪುಸ್ತಕದಲ್ಲಿ ಬರೆದುಕೊಂಡ: ಆಚೆ ದಡ, ತಿನ್ನಲಾಗಿದೆ.

ಗೆರೆಯಪ್ಪನವರ ಮನಸ್ಸು ತಡೆಯಲಿಲ್ಲ. ಎಷ್ಟಾದರೂ ನಕ್ಷೆಗಾರ. ಸಾಹೇಬರ ಬಳಿ ಹೋಗಿ, ಆ ಮೂಲೆಯನ್ನು ತಿದ್ದಿ ಬರೆದುಕೊಡುತ್ತೇನೆ, ಇಲ್ಲದಿದ್ದರೆ ಸೇತುವೆ ಗಾಳಿಯಲ್ಲಿ ನಿಂತುಬಿಡುತ್ತದೆ ಎಂದರು.

"ಧಾರಾಳವಾಗಿ ತಿದ್ದಿ," ಎಂದರು ಸಾಹೇಬರು. "ತಿದ್ದಿದ ನಕ್ಷೆಗೆ ಮೊದಲಿಂದ ಅನುಮೋದನೆ ಆಗಬೇಕು. ಅಲ್ಲೀತನಕ ಮೂಲ ಪುಸ್ತಕ ದಾಖಲೆ ಕೋಣೆಯಲ್ಲೇ ಇರುತ್ತೆ. ಹೆಚ್ಚೇನಿಲ್ಲ, ನಿಮ್ಮ ಕಾಲುವೆದಕ್ಕೆ ಆಗಿರೋವಷ್ಟು ದಿನ."

ಗೆರೆಯಪ್ಪನವರ ಕಣ್ಣ ಮುಂದೆ ಲಂಗದ ಲಾಡಿ ಬಂದು ನಿಂತಿತು. "ಹಾಗೇ ಇರಲಿ ಬಿಡಿ ಸಾರ್. ಗಾಳಿಯಲ್ಲೇ ನಿಲ್ಲಲಿ," ಎಂದರು. ಅವರು ಹೊರಗೆ ಹೋದ ಮೇಲೆ ಸಾಹೇಬರು, ಈ ಮನುಷ್ಯ ನಿವೃತ್ತಿಗೆ ಮುಂಚೆ ಕೆಲಸ ಕಲಿತ ಎಂದು ಟಪಾಲು ಮೇಡಂ ಹತ್ತಿರ ಮೆಚ್ಚಿಕೊಂಡರಂತೆ.

ಅದಾದ ಮೂರನೆಯ ದಿನ ಸುತ್ತೋಲೆ ಹೊರಬಿತ್ತು.

'ಬಾ, ಸೇತುವೆ ಕಟ್ಟೋಣ ಕಾಮಗಾರಿಗೆ ನಿಯೋಜಿಸುವ ಸಕಲ ವಾಹನಗಳೂ ಅನುಮೋದಿತ ನಕ್ಷೆಯಲ್ಲಿರುವಂತೆ ಎರಡು ಕಣ್ಣು ಮತ್ತು ಒಂದು ನಗು ಹೊಂದಿರತಕ್ಕದ್ದು. ನಗು ಕಿವಿಯವರೆಗೆ ಇರತಕ್ಕದ್ದು; ಕಿವಿ ಇಲ್ಲದ ವಾಹನಗಳಲ್ಲಿ ಹಿಂದಿನ ಚಕ್ರದವರೆಗೆ. ಜೆಸಿಬಿಯು ಒಂದು ಸಲಕ್ಕೆ ಎರಡು ಗರ್ ಮಾತ್ರ ಎನ್ನತಕ್ಕದ್ದು, ಮೂರನೆಯ ಗರ್ ಅನ್ನು ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಭರಿಸತಕ್ಕದ್ದು. ರೋಲರ್ ನಿಧಾನವಾಗಿ ಬರತಕ್ಕದ್ದು. ಈ ಒಂದು ಷರತ್ತನ್ನು ಇಲಾಖೆಯು ಈಗಾಗಲೇ ಪಾಲಿಸುತ್ತಿರುವುದರಿಂದ ಹೊಸ ಆದೇಶದ ಅಗತ್ಯವಿರುವುದಿಲ್ಲ.'

ಅಳತೆಯ ಪ್ರಶ್ನೆ ಉಳಿಯಿತು. ಆಯ್ತಣ್ಣ ಟೇಪು ಹಿಡಿದು ಗೆರೆಯಪ್ಪನವರ ಮನೆಗೆ ಬಂದ. ಮೆಣಸಿ ಮೊದಲು ಟೇಪನ್ನು ಕಚ್ಚಿ ನೋಡಿ, ಆಮೇಲೆ ಬೆರಳು ಚಾಚಿದಳು. ತೋರುಬೆರಳು, ನಾಲ್ಕು ಸೆಂಟಿಮೀಟರಿಗೆ ಒಂದು ಕೂದಲೆಳೆ ಕಡಿಮೆ. ಆಯ್ತಣ್ಣ ಅದನ್ನು ಬರೆದುಕೊಳ್ಳುತ್ತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತು ಸಹಜವಾಗಿ ಒಂದು ಮಾತು ಹೇಳಿದರು.

"ಬೆಳೆಯೋ ಮಗು. ಬೆರಳೂ ಬೆಳೆಯುತ್ತೆ."

ಆ ಮಾತು ಕಚೇರಿಯನ್ನು ನಡುಗಿಸಿತು. ಬೆರಳು ಬೆಳೆದರೆ ಅಳತೆ ಬದಲಾಗುತ್ತದೆ, ಅಳತೆ ಬದಲಾದರೆ ಹನ್ನೆರಡು ಸಹಿಯೂ ಸುಳ್ಳಾಗುತ್ತವೆ. ಬೆರಳು ಬೆಳೆಯದಂತೆ ಆದೇಶ ಹೊರಡಿಸಲು ಅವಕಾಶವಿದೆಯೇ ಎಂದು ಸಾಹೇಬರು ವಿಚಾರಿಸಿದರು. ಅದು ಆರೋಗ್ಯ ಇಲಾಖೆಯ ವ್ಯಾಪ್ತಿ ಎಂದು ತಿಳಿದುಬಂತು. ಬೇರೆ ದಾರಿ ಕಾಣದೆ, ಕಚೇರಿ ಹುಟ್ಟಿದ ಮೇಲೆ ಮೊಟ್ಟಮೊದಲ ಬಾರಿಗೆ, ಕೆಲಸವನ್ನು ಕೂಡಲೇ ಶುರುಮಾಡಿ ಕೂಡಲೇ ಮುಗಿಸಬೇಕೆಂದು ತೀರ್ಮಾನವಾಯಿತು.

ಮೊದಲು ಪುಟ ಒಂದನ್ನು ಜಾರಿ ಮಾಡಲಾಯಿತು. 'ಇಲ್ಲಿ ಏನೂ ಇಲ್ಲ' ಎಂದು ನಕ್ಷೆ ಹೇಳುತ್ತಿತ್ತು, ಆದರೆ ಖಾಲಿ ಸೈಟಿನಲ್ಲಿ ಅಜ್ಜಿ ಬಟ್ಟೆ ಒಣಗಿಸುವ ತಂತಿ ಇತ್ತು. ತಂತಿಯನ್ನು ತೆರವು ಮಾಡಿದರು.

"ಬಟ್ಟೆ ಎಲ್ಲಪ್ಪ ಒಣಗಿಸ್ಲಿ?" ಎಂದು ಅಜ್ಜಿ ಕೇಳಿದರು.

ಆಯ್ತಣ್ಣ ಪುಟ ತಿರುವಿ ನೋಡಿದ. "ಹನ್ನೆರಡೂ ಪುಟ ನೋಡ್ದೆ ಅಮ್ಮ, ಎಲ್ಲೂ ಬಟ್ಟೆ ಇಲ್ಲ. ಆಯ್ತಾ?"

ಹುಲ್ಲನ್ನು ಕೆರೆದು, ಏಳು ಎಸಳು ಉಳಿಸಿ, ಎಣಿಸಿ, ಫೋಟೋ ತೆಗೆದರು.

ಎರಡನೆಯ ಪುಟ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಬಂತು. ಗೆರೆಯಪ್ಪ ಕೈ ತೊಳೆದು, ತಟ್ಟೆ ಹಿಡಿದು, ಇಂದೂ ಹರಸಾಹಸವೇ ಎಂದುಕೊಂಡು ಹಿತ್ತಲ ಕಿಟಕಿಯ ಪಕ್ಕ ಕೂತಿದ್ದರು. ಹೊರಗೆ ಜೆಸಿಬಿ ತಿರುಗಿ ನಿಂತಿತು. ಗಾಡಿಯ ಮುಖದ ತುಂಬ ಬಿಳಿ ಬಣ್ಣದ ಎರಡು ಕಣ್ಣು, ಹಿಂದಿನ ಚಕ್ರದವರೆಗೆ ಕೆಂಪು ನಗು. ಗರ್ ಗರ್ ಎಂದಿತು. ನಿಂತಿತು. ಮತ್ತೆ ಗರ್ ಗರ್ ಎಂದಿತು.

ಮೆಣಸಿ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. "ಅಜ್ಜ, ನನ್ ಪುಸ್ತಕ," ಎಂದಳು. ಬಾಯಿ ತೆರೆದಳು. ಗೆರೆಯಪ್ಪನವರ ಅವಸರಕ್ಕೆ ಮೊದಲ ತುತ್ತು ಅವಳ ಮೂಗಿಗೆ ಹೋಯಿತು. ಎರಡನೆಯದು ಬಾಯಿಗೆ ಹೋಯಿತು, ಮೂರನೆಯದೂ ಹೋಯಿತು. ಟಿಪ್ಪರ್ ಧಡಾಲ್ ಎಂದಾಗ ಮೂರು ತುತ್ತು ಒಟ್ಟಿಗೆ ಹೋದವು.

ಅಲ್ಲಿಂದ ನಲವತ್ತು ದಿನ, ದಿನಕ್ಕಷ್ಟು ಕೆಲಸ, ಕೆಲಸಕ್ಕಷ್ಟು ಊಟ. ಆಯ್ತಣ್ಣನೂ ಒಂದು ಗಂಟೆಗೆ ಸರಿಯಾಗಿ ಗಾಡಿ ಚಾಲೂ ಮಾಡುವುದನ್ನು ರೂಢಿ ಮಾಡಿಕೊಂಡ. ಸ್ಥಳದಲ್ಲಿ ನಕ್ಷೆಗಾರರು ಖುದ್ದು ಹಾಜರಿರುವ ಹೊತ್ತು ಅದೊಂದೇ ಎಂದು ಅವನ ಲೆಕ್ಕ. ಗೆರೆಯಪ್ಪ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಿಂದ ಕಿಟಕಿಯಲ್ಲೇ ಸನ್ನೆ ಮಾಡಿ ಕಂಬ ನೆಟ್ಟಗೆ ನಿಲ್ಲಿಸಿದರು. ತಾವು ಎಳೆದ ಗೆರೆಯೊಂದು ಕಾಂಕ್ರೀಟಾಗಿ ಎದ್ದು ನಿಲ್ಲುವುದನ್ನು ಅವರು ಕಂಡದ್ದು ಜೀವಮಾನದಲ್ಲಿ ಅದೇ ಮೊದಲು. ಒಮ್ಮೆ ತುತ್ತು ಕೈಯಲ್ಲೇ ಹಿಡಿದು ನೋಡುತ್ತ ಕೂತುಬಿಟ್ಟರು. ಮೆಣಸಿಯೇ ಅವರ ಕೈ ಎಳೆದು ಬಾಯಿಗೆ ಇಟ್ಟುಕೊಂಡಳು.

ಕೊನೆಯ ಮೂಲೆ ಕಷ್ಟದ್ದಾಗಿತ್ತು. ಗಾರೆಯವನು ಮೂಲ ನಕ್ಷೆಯನ್ನು ದಾಖಲೆ ಕೋಣೆಯಲ್ಲಿ ಎರಡು ಗಂಟೆ ನೋಡಿ, ಜೇಡಿಮಣ್ಣಿನಲ್ಲಿ ಅಚ್ಚು ತೆಗೆದು, ಸೇತುವೆ ನಿಲ್ಲುವ ತುದಿಯಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು ಹಲ್ಲಿನ ಗುರುತು ಎಬ್ಬಿಸಿದ. ಒಂದೊಂದು ಹಲ್ಲೂ ಮೊರದಗಲ. ಬಾತುಕೋಳಿಯನ್ನು ಪಶುಪಾಲನಾ ಇಲಾಖೆಯಿಂದ ಎರವಲು ಸೇವೆಯ ಮೇಲೆ ಕರೆಸಿಕೊಂಡರು. ಅದು ನಕ್ಷೆಯಂತೆ ಎಡಗಡೆಯಿಂದ ಹತ್ತಿ, ಹಲ್ಲಿನ ಗುರುತಿನವರೆಗೆ ನಡೆದು, ಬಗ್ಗಿ ಕೆಳಗೆ ನೋಡಿ, ತಿರುಗಿ ಬಂತು. 'ಬಾತು ದಾಟ್ತು' ಎಂದು ಹಾಜರಿದ್ದ ಮೂವರು ಅಧಿಕಾರಿಗಳು ದೃಢೀಕರಿಸಿದರು.

ಉದ್ಘಾಟನೆಗೆ ಊರಿಗೆ ಊರೇ ಬಂದಿತ್ತು. ಕಾಲುವೆಯ ಆಚೆಯ ಮುನ್ನೂರು ಮನೆಯವರೂ ಹಲಗೆ ದಾಟಿಕೊಂಡು ಬಂದರು. ಅವರಲ್ಲೊಬ್ಬ ಮುದುಕಿಯ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಸಾಹೇಬರು ಮಾತನಾಡಿದರು. ಸೇತುವೆ ಎಂದರೆ ಆಚೆ ಹೋಗಲೇಬೇಕು ಎಂಬ ಹಳೆಯ ಕಲ್ಪನೆಯಿಂದ ಜನ ಹೊರಬರಬೇಕು, ಹೋದಷ್ಟೇ ಮುಖ್ಯ ಹಿಂತಿರುಗಿ ಬರುವುದು, ಈ ಸೇತುವೆ ಆ ಸಂದೇಶವನ್ನು ಸಾರುತ್ತದೆ ಎಂದರು. ಜನ ಸಾಲಾಗಿ ಹತ್ತಿ, ಕೊನೆಯಲ್ಲಿದ್ದ 'ಇಲ್ಲಿಂದ ಹಿಂತಿರುಗಿ' ಎಂಬ ಫಲಕ ಓದಿ, ಸಾಲಾಗಿ ಇಳಿದರು. ನೂಕುನುಗ್ಗಲೇನೂ ಆಗಲಿಲ್ಲ.

ಒದ್ದೆ ಸೀರೆಯ ಮುದುಕಿ ಇಳಿದು ಬಂದವಳು ಗೆರೆಯಪ್ಪನವರನ್ನು ಗುರುತು ಹಿಡಿದಳು. "ನೀವೇ ಅಲ್ವಾಪ್ಪ, ಆವಾಗ ಬಂದು ನಮ್ಮ ಕಾಲುವೆ ಅಳತೆ ಹಿಡ್ಕೊಂಡು ಹೋಗಿದ್ದು?"

"ಹೌದಮ್ಮ."

"ಚೆನ್ನಾಗಿ ಕಟ್ಟಿದೀರಿ. ಜಾಗ ಸ್ವಲ್ಪ ಆಚೀಚೆ ಆಗಿದೆ, ಅಷ್ಟೇ."

ಅಷ್ಟರಲ್ಲಿ ಸಾಹೇಬರು 'ಕಾಮಗಾರಿ ಪೂರ್ಣಗೊಂಡಿದೆ' ಎಂಬ ಮೊಹರು ಒತ್ತಿದ ಪುಸ್ತಕವನ್ನು, ನಿಯಮದಂತೆ, ಬರೆದವರ ಕೈಗೆ ಒಪ್ಪಿಸಿದರು. ಜನ ಚಪ್ಪಾಳೆ ತಟ್ಟಿದರು. ಮೆಣಸಿ ಅಜ್ಜನ ಕಂಕುಳಿನಿಂದಲೇ ಪುಸ್ತಕ ಕಿತ್ತುಕೊಂಡು ಕೊನೆಯ ಪುಟದ ಮೂಲೆ ತಡವಿದಳು. "ನನ್ ಕಚ್ಚು," ಎಂದಳು. ಗೆರೆಯಪ್ಪನವರ ಕಣ್ಣಲ್ಲಿ ನೀರು ಬಂತು. ಹಾಜರಿದ್ದವರು ಅದನ್ನು ಕರ್ತವ್ಯನಿಷ್ಠೆ ಎಂದು ತಿಳಿದುಕೊಂಡರು.

ಮರುದಿನ ಒಂದು ಗಂಟೆಗೆ ಅವರು ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಮೆಣಸಿಯನ್ನು ಕೂರಿಸಿಕೊಂಡು, ಹಳೆಯ ಸಂಭ್ರಮದಿಂದ ಮೊದಲ ಪುಟ ತೆರೆದರು. "ಇಲ್ಲಿ ಏನೂ ಇಲ್ಲ," ಎಂದು ಓದಿದರು. ಮೆಣಸಿ ಪುಟ ನೋಡಲಿಲ್ಲ, ಕಿಟಕಿ ನೋಡಿದಳು. ಎರಡನೆಯ ಪುಟ. "ಜೆಸಿಬಿ ಬಂತು, ಗರ್ ಗರ್." ಮೆಣಸಿ ಪುಸ್ತಕಕ್ಕೆ ಕಿವಿಯಿಟ್ಟು ಕೇಳಿದಳು. ಪುಸ್ತಕವನ್ನು ಅಲ್ಲಾಡಿಸಿದಳು. ಮತ್ತೆ ಕಿವಿಯಿಟ್ಟಳು.

"ಗರ್ ಗರ್ ಬರ್ತಿಲ್ಲ ಅಜ್ಜ."

"ಅಜ್ಜ ಅಂತಾನಲ್ಲ, ನೋಡು. ಗರ್ ಗರ್."

ಅಜ್ಜನ ಹಲ್ಲನ್ನು ಗುರುತಿಸಿದವಳಿಗೆ ಅಜ್ಜನ ಗರ್ ಗೊತ್ತಾಗದೆ ಇರುತ್ತದೆಯೇ? ತುಟಿ ಮುಚ್ಚಿಕೊಂಡಿತು. ಅಜ್ಜಿ ಬಂದು ನೋಡಿದರು, ಕಾಗೆ ತೋರಿಸಿದರು. ಗುಬ್ಬಿಯೂ ಆಯಿತು. ಕೊನೆಗೆ ಮೆಣಸಿ ಬೆರಳೆತ್ತಿ, ಕಿಟಕಿಯ ಆಚೆ ಸದ್ದಿಲ್ಲದೆ ನಿಂತಿದ್ದ ಸೇತುವೆಯನ್ನು ತೋರಿಸಿ, ಕೊನೆಯ ಪುಟ ಮುಗಿದಾಗಲೆಲ್ಲ ಹೇಳುವ ಮಾತನ್ನು ಹೇಳಿದಳು.

"ಇನ್ನೊಂದ್ಸಲ."

ಗೆರೆಯಪ್ಪ ತಟ್ಟೆ ಕೆಳಗಿಟ್ಟರು. ಸ್ಕೇಲು, ಪೆನ್ನು ತಂದು, ಹನ್ನೆರಡು ಪುಟದಲ್ಲೂ ಹಳೆಯ ಚೌಕದ ಪಕ್ಕ ಹೊಸದೊಂದು ಚೌಕ ಎಳೆದರು. ಈ ಸಲ ಕೈ ತಾನಾಗಿ ಎಳೆಯಲಿಲ್ಲ, ಅವರೇ ಎಳೆದರು. ಗೆರೆ ಎಂದಿನಂತೆ ನೆಟ್ಟಗಿತ್ತು. ಬರೆದವರು: ಅಜ್ಜ. ಅನುಮೋದಿಸಿದವರು: ಖಾಲಿ.

ಎರಡು ಗಂಟೆಗೆ ಟಪಾಲು ಮೇಡಂ ತಲೆಯೆತ್ತಿದರು. "ಮತ್ತೆ ಸ್ಟೇಪಲ್ ಹೊಡೀಬೇಕಾ ಗೆರೆಯಪ್ಪನೋರೇ?"

"ಬೇಡ ಮೇಡಂ. ಸುಮ್ನೆ ಇಲ್ಲಿ ಇಟ್ಟು ಹೋಗ್ತೀನಿ."

"ನೀವೂ ಕಲಿತುಬಿಟ್ರಿ," ಎಂದರು ಮೇಡಂ.

ಟ್ರೇಯಲ್ಲಿ ಜಾಗವಿರಲಿಲ್ಲ. ಗೆರೆಯಪ್ಪ ಕಾಗದದ ಕಟ್ಟನ್ನು ಎತ್ತಿ ಜಾಗ ಮಾಡಿದರು. ಎಲ್ಲಕ್ಕಿಂತ ಅಡಿಯಲ್ಲಿ ಅಂಚು ಹಳದಿಯಾದ ದೊಡ್ಡ ಹಾಳೆಯೊಂದು ಮಡಚಿ ಕೂತಿತ್ತು. ಕಾಲುವೆ. ಹನ್ನೊಂದು ವರ್ಷದ ಹಿಂದಿನ ತಮ್ಮದೇ ಗೆರೆ, ಇವತ್ತಿಗೂ ಅಷ್ಟೇ ನೆಟ್ಟಗೆ. ಅದನ್ನು ಹೊರಗೆಳೆದು ಮೇಲೆ ಇಡಬಹುದಾಗಿತ್ತು. ಮೇಲಿನ ಕಾಗದಕ್ಕೆ ಮೊದಲು ಸಹಿ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಟ್ರೇಗೆ ಮೇಲುಭಾಗ ಒಂದೇ. ಗೆರೆಯಪ್ಪ ಹಾಳೆಯ ಧೂಳು ಒರೆಸಿದರು, ಮಡಿಕೆ ಸರಿಮಾಡಿದರು, ಕಟ್ಟನ್ನು ಅದರ ಮೇಲೆ ಮೊದಲಿನಂತೆಯೇ ಇಟ್ಟು, ಎಲ್ಲದರ ಮೇಲೆ ಪುಸ್ತಕ ಇಟ್ಟರು.

ಸಂಜೆಯೊಳಗೆ ಹನ್ನೆರಡು ಸಹಿ ಬಿದ್ದವು.

ನಕ್ಷೆಯ ಪುಟ ಒಂದರಲ್ಲಿ 'ಇಲ್ಲಿ ಏನೂ ಇಲ್ಲ' ಎಂದಿರುವುದೂ, ಆದರೆ ಸದರಿ ಸ್ಥಳದಲ್ಲಿ ಸೇತುವೆಯೊಂದು ಇರುವುದೂ ಪರಿಶೀಲನೆಯಲ್ಲಿ ಕಂಡುಬಂತು. ನಿಯಮ ಸ್ಪಷ್ಟವಾಗಿತ್ತು. ನೆಲವನ್ನು ತಿದ್ದಲು ಆದೇಶವಾಯಿತು. ಆಯ್ತಣ್ಣ ಟೇಪು ಹಿಡಿದು ಬಂದು ಬೆರಳು ಅಳೆದ. ಬೆರಳು ಒಂದು ಅಕ್ಕಿಕಾಳಿನಷ್ಟು ಬೆಳೆದಿತ್ತು. ಸೇತುವೆಯೂ ಅಷ್ಟಕ್ಕಷ್ಟು ಬೆಳೆಯಬೇಕಾಗುತ್ತದೆ, ಮಕ್ಕಳು ಊಟ ಮಾಡಿದರೆ ಎಷ್ಟು ಚೆಂದ ಎಂದು ಅವನು ಮೆಣಸಿಯ ಕೆನ್ನೆ ಹಿಂಡಿ ಹೋದ. ಊರಿನವರು ಯಾರೂ ತಕರಾರು ತೆಗೆಯಲಿಲ್ಲ. ಇನ್ನೊಂದು ಉದ್ಘಾಟನೆ ಸಿಗುತ್ತದಲ್ಲ ಎಂದರು ಕೆಲವರು. ಬಾತುಕೋಳಿಯ ಎರವಲು ಸೇವೆಯನ್ನು ಒಂದು ವರ್ಷ ವಿಸ್ತರಿಸಲಾಯಿತು.

ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಜೆಸಿಬಿ ನಗುತ್ತ ಬಂತು. ಗರ್ ಗರ್ ಎಂದಿತು. ಸೇತುವೆಯ ಮೊದಲ ಕಲ್ಲು ಬಿದ್ದಾಗ ಮೆಣಸಿ ಬಾಯಿ ತೆರೆದಳು.

ಅಜ್ಜಿ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. "ಇದೆಲ್ಲ ಮುಗಿಯೋದು ಯಾವಾಗ್ರೀ?" ಎಂದು ಕೇಳಿದರು.

ಗೆರೆಯಪ್ಪ ತುತ್ತು ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ಕಿಟಕಿಯ ಕಡೆ ಒಮ್ಮೆ ನೋಡಿದರು.

"ಮೆಲ್ಲಗೆ ಮಾತಾಡು ಕಣೇ," ಎಂದರು, "ಅವರಿಗೆ ಕೇಳಿಸಿಬಿಟ್ಟೀತು."